ಜನವರಿ ಹನ್ನೊಂದರ ಬ್ಯಾಕಪ್

ನಜ್ಮಾ ಮೂಡಿಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿತ್ತು. ಕಳಸದ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವಳೂ ಅವಳೇ. ಅಷ್ಟು ತಿರುವಿನ ದಾರಿಯಲ್ಲಿ ದಿನಾ ಹೋಗಿ ಬರುವವರು ಯಾರು? ಸಂಜೆ ನಾಲ್ಕೂವರೆಗೆ ಅಂಗಡಿಯಲ್ಲೇ ಕೂತು ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಕಳಸದ ಸರ್ವರ್ ಅವಳ ಪರದೆಯ ಮೇಲೆ ಬರುತ್ತಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಶುರು ಮಾಡಿ, ಪರದೆಯ ಮೇಲಿನ ಆ ಕಿಟಕಿ ಮುಚ್ಚಿ, ಬೇರೆ ಕೆಲಸಕ್ಕೆ ಏಳುತ್ತಿದ್ದಳು. ಉಳಿದ ಮುಕ್ಕಾಲು ಗಂಟೆ ಅದು ಅಲ್ಲಿ ತನ್ನಷ್ಟಕ್ಕೆ ನಡೆಯುತ್ತಿತ್ತು.

ಜನವರಿಯಲ್ಲಿ ಆಸ್ಪತ್ರೆಯ ಮ್ಯಾನೇಜರ್ ಸುರೇಂದ್ರ ಫೋನ್ ಮಾಡಿ, "ಹಾಗೇ ಮುಚ್ಚಿದ್ರೆ ಸರ್ವರ್‌ನಲ್ಲಿ ನಿಮ್ಮ ಲಾಗಿನ್ ತೆರೆದೇ ಇರುತ್ತಂತೆ. ಇನ್ನು ಮೇಲೆ ಸೈನ್ ಔಟ್ ಮಾಡೇ ಹೋಗಿ," ಎಂದ. ಅವಳು ಹಾಗೇ ಮಾಡಿದಳು. ಕಿಟಕಿ ಮುಚ್ಚಿದರೆ ಕೆಲಸ ಮುಂದುವರಿಯುತ್ತದೆ, ಸೈನ್ ಔಟ್ ಮಾಡಿದರೆ ತಾನು ಶುರು ಮಾಡಿದ್ದೆಲ್ಲ ಅಲ್ಲೇ ಸಾಯುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೈಗೆ ರೂಢಿಯಾದ ಕೆಲಸದಲ್ಲಿ ತಲೆ ಓಡಲಿಲ್ಲ. ಶೇಕಡಾ ಎರಡೋ ಮೂರೋ ಆಗುವುದನ್ನು ನೋಡಿ ಸೈನ್ ಔಟ್ ಒತ್ತುತ್ತಿದ್ದಳು. ಮುಗಿಯಿತೋ ಇಲ್ಲವೋ ಎಂದು ಮಾರನೇ ದಿನ ಒಮ್ಮೆಯೂ ನೋಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಸಿಡಿಲು ಬಡಿದು ಸರ್ವರ್ ಸುಟ್ಟಿತು. ಬ್ಯಾಕಪ್ ಡಿಸ್ಕ್ ಬೇರೆ ಕೋಣೆಯಲ್ಲಿದ್ದುದರಿಂದ ಉಳಿಯಿತು. ಹೊಸ ಸರ್ವರ್ ಹೊತ್ತು ಕಳಸಕ್ಕೆ ಹೋದ ನಜ್ಮಾ ಆ ಡಿಸ್ಕ್ ತೆರೆದು ತಾರೀಕುಗಳನ್ನು ನೋಡಿದಳು. ಪೂರ್ತಿಯಾದ ಕೊನೆಯ ಬ್ಯಾಕಪ್ ಜನವರಿ ಹನ್ನೊಂದರದ್ದು. ಆಮೇಲಿನವೆಲ್ಲ ಅರ್ಧಂಬರ್ಧ ತುಂಡುಗಳು.

"ಮೂರೂವರೆ ತಿಂಗಳಿನದ್ದು ಹೋಗಿದೆ ಸರ್. ತಪ್ಪು ನಂದು. ಡಾಕ್ಟರಿಗೆಲ್ಲ ಹೇಳ್ಬೇಕು."

ಸುರೇಂದ್ರ ಬಾಗಿಲು ಹಾಕಿ ಬಂದ. "ಸಿಡಿಲು ಹೊಡೆದದ್ದು ನಿಮ್ಮ ತಪ್ಪಾ? ಸಿಕ್ಕಿದ್ದನ್ನ ಹಾಕಿ. ಎಲ್ಲಾ ರಿಸ್ಟೋರ್ ಆಯ್ತು, ವಾಪಸ್ ಬಂತು ಅಂತ ಬರೆದು ಕೊಡಿ. ಡಾಕ್ಟರಿಗೆ ನಾನು ಹೇಳ್ತೀನಿ."

ಅವಳು ಬರೆದು ಸಹಿ ಹಾಕಿದಳು. ಅವನು ಯಾರಿಗೂ ಹೇಳಲಿಲ್ಲ. ಯಾವುದಾದರೂ ಪುಟ ಕಾಣದೆ ಕೇಳಿದವರಿಗೆ, ಅದೊಂದು ಸಿಡಿಲಿಗೆ ಹೋಗಿರಬೇಕು ಎಂದು ಸಾಗಹಾಕಿದ. ಹೇಳಿದನೋ ಇಲ್ಲವೋ ಎಂದು ಅವಳೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮೇ ಮೂರನೇ ವಾರ, ಬೆಳಿಗ್ಗೆ ಹತ್ತಕ್ಕೆ, ಕಾಫಿ ಎಸ್ಟೇಟ್ ಕೆಲಸದ ಪಾಪಮ್ಮನನ್ನು, ಕೂಲಿಗಳ ಸಾಲಿನಲ್ಲಿ ಪಕ್ಕದ ಲೈನ್‌ಮನೆಯವರು ಜೀಪಿನಲ್ಲಿ ಕರೆತಂದರು. ಸುಡುವ ಜ್ವರ, ಮಾತಿಲ್ಲ. ಗಂಡ ಮಂಜಯ್ಯ ದೂರದ ತೋಟದಲ್ಲಿ ನೆರಳುಮರದ ಕೊಂಬೆ ಕಡಿಯುವ ಮರಗಸಿ ಮಾಡುತ್ತಿದ್ದ. ಅವನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದ ಡಾಕ್ಟರ್ ನಿಖಿತಾ ಕಂಪ್ಯೂಟರಿನಲ್ಲಿ ಪಾಪಮ್ಮನ ಪುಟ ತೆರೆದಳು. 'ಔಷಧಿ ಅಲರ್ಜಿ: ಇಲ್ಲ' ಎಂದಿತ್ತು. ಇಂಜೆಕ್ಷನ್ ಬರೆದಳು. ಐದೇ ನಿಮಿಷದಲ್ಲಿ ಪಾಪಮ್ಮನ ಗಂಟಲು ಬಾತುಕೊಂಡಿತು. ನಿಖಿತಾ ಒಂದು ಗಂಟೆ ಹೋರಾಡಿದರೂ ಆಕೆ ಉಳಿಯಲಿಲ್ಲ.

ಮಧ್ಯಾಹ್ನ ಓಡಿಬಂದ ಮಂಜಯ್ಯ ಕೂಗಿಕೊಂಡ. "ಫೆಬ್ರವರಿಲೂ ಇದೇ ಸೂಜಿಗೆ ಹಿಂಗೇ ಆಗಿತ್ತಲ್ಲ! ಕಂಪ್ಯೂಟರಿಗೆ ಹಾಕಿದೀವಿ, ಇನ್ನು ಹೆದರಬೇಡಿ ಅಂದಿದ್ರಲ್ಲ!"

ನಿಖಿತಾ ನಜ್ಮಾಗೆ ಫೋನ್ ಮಾಡಿದಳು. "ಫೆಬ್ರವರಿಯದ್ದು ಒಂದೂ ಕಾಣ್ತಿಲ್ಲ. ಎಲ್ಲಿ ಹೋಯ್ತು?" ನಜ್ಮಾ ಎಲ್ಲವನ್ನೂ ಹೇಳಿದಳು.

ಮೂರನೇ ದಿನ ನಜ್ಮಾ ಎಸ್ಟೇಟಿನ ಲೈನ್‌ಮನೆಗೆ ಹೋದಳು. ಹೋಗಬೇಡಿ, ಕೇಸಾಗುತ್ತದೆ ಎಂದು ಸುರೇಂದ್ರ ಹೆದರಿಸಿದ್ದ. ಮಂಜಯ್ಯ ಜಗುಲಿಯ ಮೇಲೆ ಕೂತಿದ್ದ. ಅವಳು ನಿಂತೇ ಇದ್ದು, ಸೈನ್ ಔಟ್‌ನಿಂದ ಹಿಡಿದು ಸಹಿ ಹಾಕಿದ್ದರವರೆಗೆ ಹೇಳಿದಳು. ಅರ್ಥವಾಗದ ಕಡೆ ಅವನು ತಡೆದು ಕೇಳಿದ. ಅವಳು ಮತ್ತೆ ಬಿಡಿಸಿ ಹೇಳಿದಳು.

"ದಿನಾ ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

"ಎಷ್ಟೊತ್ತು ಬೇಕು ನೋಡೋಕೆ?"

"ಒಂದು ನಿಮಿಷ."

ಮಂಜಯ್ಯ ತಲೆ ತಗ್ಗಿಸಿದ. ಬೈಯಲಿಲ್ಲ, ಅಳಲಿಲ್ಲ. ಅವನು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ನಜ್ಮಾಗೆ. ಕೊನೆಗೆ ಕೇಳಿದ: "ಆ ಮೂರೂವರೆ ತಿಂಗಳಲ್ಲಿ ಇವಳ ಹಾಗೆ ಇನ್ನೆಷ್ಟು ಜನ ಇದ್ದಾರೆ?"

"ಹುಡುಕ್ತೀನಿ," ಎಂದಳು ಅವಳು.

ಅಂದೇ ಅವಳು ಪೊಲೀಸರಿಗೆ ಹೇಳಿಕೆ ಕೊಟ್ಟಳು. ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು. ನಿಖಿತಾ ಲ್ಯಾಬಿನ ಕೈಬರಹದ ರಿಜಿಸ್ಟರ್ ಹುಡುಕಿ, ಆ ಮೂರೂವರೆ ತಿಂಗಳಲ್ಲಿ ಬಂದಿದ್ದವರ ನಾನೂರ ಹನ್ನೆರಡು ಹೆಸರು ಬರೆದುಕೊಟ್ಟಳು. ಫೋನ್ ಇದ್ದವರಿಗೆ ಇಬ್ಬರೂ ಫೋನ್ ಮಾಡಿದರು. ಮಿಕ್ಕವರು ಬೆಟ್ಟದ ಮೇಲಿನ ಲೈನುಗಳಲ್ಲಿದ್ದರು. ಅಲ್ಲಿಗೆ ಮಂಜಯ್ಯನೇ ದಾರಿ ತೋರಿಸಿದ. ನಜ್ಮಾ ಜೊತೆ ಮಾತಾಡುತ್ತಿರಲಿಲ್ಲ, ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಪ್ರತಿ ಬಾಗಿಲಲ್ಲೂ ಅವನದು ಒಂದೇ ಮಾತು: "ಇವ್ರು ಕಂಪ್ಯೂಟರಿನವ್ರು. ಕೇಳಿದ್ದಕ್ಕೆ ಸರಿಯಾಗಿ ಹೇಳಿ."

ಔಷಧಿ ಒಗ್ಗದಿದ್ದವರು ಏಳು ಜನ ಸಿಕ್ಕರು. ಪಟ್ಟಿಯಲ್ಲಿದ್ದವರ ಪೈಕಿ ಅಸ್ಸಾಮಿನಿಂದ ಕೊಯ್ಲಿಗೆ ಬಂದಿದ್ದ ಮೂವತ್ತೊಂದು ಜನ ಆಗಲೇ ಎಸ್ಟೇಟ್ ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಎಸ್ಟೇಟಿನ ಹಾಜರಿ ಬರೆಯುವ ರೈಟರಿಗೂ ಗೊತ್ತಿರಲಿಲ್ಲ.