ಅತ್ತೆ ಕೂಗದ ಕಲ್ಲು

"ಬಾಯಿ ಬಿಡೇ ಮುದುಕಿ. ನಾಲಿಗೆನ ನಾಯಿ ಕಿತ್ಕೊಂಡು ಹೋಯ್ತಾ?"

ಮಾಲೀಕ ಮುಖಕ್ಕೆ ಉಗುಳು ಸಿಡಿಯುವಷ್ಟು ಹತ್ತಿರ ನಿಂತು ಬೈದರೂ ಅತ್ತೆ ಕಣ್ಣು ಮಿಟುಕಿಸಲಿಲ್ಲ. ಅವಳು ನನಗೇನೂ ಹೆಣ್ಣು ಕೊಟ್ಟವಳಲ್ಲ. ಕಲ್ಲಿನ ಯಾರ್ಡಿನಲ್ಲಿ ಎಲ್ಲರಿಗೂ ಅವಳು ಅತ್ತೆ. ನಾವು ಹಗ್ಗ ಬಿಗಿದ ಚಪ್ಪಡಿಯನ್ನು ಬೊಂಬಿನಲ್ಲಿ ಹೊರುವವರು, ಅವಳು ಎದುರು ನಿಂತು ಕೂಗುವವಳು. "ದೇವ್ರೇ" ಅಂದರೆ ಬಗ್ಗಬೇಕು. "ನಮ್ಮಪ್ಪಾ" ಅಂದರೆ ಎತ್ತಬೇಕು. ಹೊರುವವನಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎಲ್ಲರ ಕಾಲೂ ಕಾಣುವುದು ಕೂಗುವವಳಿಗೆ ಮಾತ್ರ.

ಮೊನ್ನೆ ಅವಳು "ದೇವ್ರೇ" ಅಂದವಳು ಅಲ್ಲಿಗೇ ನಿಲ್ಲಿಸಿದಳು. ನಮ್ಮ ಭಾವನ ಕಾಲು ಕೆಸರಿನಲ್ಲಿ ಜಾರುತ್ತಿತ್ತು. ಅವನು ಕಾಲು ಊರಿಕೊಳ್ಳಲಿ ಎಂದು ಕಾದಳು. ಮಾಲೀಕನಿಗೆ ಕಾಯುವುದಕ್ಕಾಗುತ್ತದೆಯೇ? "ಎತ್ರೋ ಬೋಳೀಮಕ್ಕಳಾ, ಲಾರಿ ನಿಂತಿದೆ" ಎಂದು ಹಿಂದಿನಿಂದ ಅರಚಿದ. ಅನ್ನ ಹಾಕುವವನ ದನಿಗೆ ಹೆಗಲು ತಾನಾಗಿಯೇ ಏಳುತ್ತದೆ. ಮುಂದಿನವರು ಎತ್ತಿಬಿಟ್ಟರು, ಹಿಂದಿದ್ದ ನಾವು ಅತ್ತೆಯ ಕೂಗಿಗೆ ಕಾದೆವು. ಚಪ್ಪಡಿ ವಾಲಿ ಭಾವನ ಎದೆಯ ಮೇಲೆ ಬಿತ್ತು. ಅಕ್ಕ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾಲೀಕ ಕಟ್ಟಿಸುತ್ತಿರುವ ಗುಡಿಯ ಹೊಸ್ತಿಲಿಗೆ ಬೇಕಾದ ಕಲ್ಲು ಅದು. ಅದನ್ನು ತೊಳೆದು, ಬಿದ್ದ ಜಾಗದಲ್ಲೇ ಬಿಟ್ಟಿದ್ದಾರೆ. ಅತ್ತೆ ಮತ್ತೆ ಕೂಗಿಲ್ಲ, ಕಲ್ಲು ಎದ್ದಿಲ್ಲ.

ಅವತ್ತೇ ಇನ್‌ಸ್ಪೆಕ್ಟರ್ ಬಂದ. ಅತ್ತೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ. "ಸರಿಯಾಗಿ ಯೋಚನೆ ಮಾಡಿ ಹೇಳಮ್ಮ, ಸತ್ತವನು ಕುಡಿದಿದ್ದ ಅಲ್ವಾ?" ಅಂದ. ಅಲ್ಲಿಗೆ ಅತ್ತೆ ಬಾಯಿ ಮುಚ್ಚಿದಳು. ಈಗ ಮತ್ತೆ ಅವಳನ್ನು ಮಾಲೀಕನ ಕೋಣೆಗೆ ಕರೆಸಿದ್ದರು. ಕೂಡಿಸಲಿಲ್ಲ. ಕಾವಲಿಗೆ ಹೋದವನಂತೆ ನಾನು ಬಾಗಿಲಲ್ಲಿ ನಿಂತೆ.

ಪೂಜಾರಿಯನ್ನೂ ಕರೆಸಿದ್ದರು. ಅವನು ಮೆತ್ತಗೆ ಶುರು ಮಾಡಿದ. "ನೋಡಮ್ಮ, ಇದು ದೇವರ ಕೆಲಸ. ಕುಡಿದಿದ್ದ ಅಂತ ದೇವರ ಮೇಲೆ ಆಣೆ ಇಟ್ಟು ಒಂದು ಮಾತು ಹೇಳು. ತಪ್ಪಿದ್ರೆ ದೇವರು ಕ್ಷಮಿಸ್ತಾನೆ, ನಾನು ಹೇಳ್ತೀನಲ್ಲ."

ದೇವರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡವನ ಹಾಗಿತ್ತು ಅವನ ಮಾತು. ಅತ್ತೆ ಅವನನ್ನು ನೋಡಿದಳು. ನೋಡುತ್ತಲೇ ಇದ್ದಳು. ಕೊನೆಗೆ ಅವನೇ ತಲೆ ತಗ್ಗಿಸಿ ಉಗುರು ಕೆರೆದುಕೊಂಡ.

"ಈ ಮುಂಡೇದು ಬಾಯಿ ಬಿಡೋ ತನಕ ಆ ಕಲ್ಲು ಅಳ್ಳಾಡಬಾರ್ದು ಅಂತಿದೆಯಾ?" ಎಂದ ಮಾಲೀಕ. ಅತ್ತೆಯ ಬಾಯಿ ಬಿಡಿಸಲು ಸಂಜೆಗೆ ಅಕ್ಕನ ಶೆಡ್ಡಿನ ತಗಡುಗಳನ್ನು ಕಿತ್ತು ಹಾಕಿಸಿದ. ಅಕ್ಕ ನಾಲ್ಕು ಗೋಡೆಗಳ ನಡುವೆ, ಆಕಾಶದ ಕೆಳಗೆ, ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ನನಗೆ ರಕ್ತ ಕುದಿಯಿತು. ಹಾರೆ ಎತ್ತಿಕೊಂಡೆ. ಅತ್ತೆ ಅದನ್ನು ಕಿತ್ತು ಗೋಡೆಗೆ ಒರಗಿಸಿ, ನನ್ನ ಮಣಿಕಟ್ಟು ಹಿಡಿದು ಕೂತಳು. ಎಷ್ಟು ಕೊಸರಾಡಿದರೂ ಬಿಡಲಿಲ್ಲ.

"ನಿನಗೋಸ್ಕರ ಅತ್ತೆ, ಒಂದು ಸುಳ್ಳು ಹೇಳಿಬಿಡು," ಅಂದಳು ಅಕ್ಕ. "ಸತ್ತವನು ಸತ್ತ. ನಿನ್ನನ್ನೂ ಸಾಯಿಸ್ತಾರೆ ಇವ್ರು."

ಆಗ ಒಂದೇ ಸಲ ಅತ್ತೆ ಮಾತಾಡಿದಳು.

"ದೇವರ ಹೆಸರು ಕೂಗೋ ಬಾಯಿ ಕಣೇ ಇದು. ಇದನ್ನ ನಂಬಿ ಇವ್ರೆಲ್ಲ ಕಲ್ಲಿಗೆ ಕೊರಳು ಕೊಡ್ತಾರೆ. ಇದ್ರಲ್ಲಿ ಸುಳ್ಳು ಬಂದ್ರೆ ನಾಳೆ ನಾನು ಯಾವ ಮುಖ ಇಟ್ಕೊಂಡು ಕೂಗ್ಲಿ?"

ಬೆಳಿಗ್ಗೆ ಮಾಲೀಕ ತಾನೇ ಕೂಗಲು ಬಂದ. "ದೇವ್ರೇ" ಅಂದ. ನಾವು ಬಗ್ಗಿ ಬೊಂಬಿಗೆ ಹೆಗಲು ಕೊಟ್ಟೆವು. "ನಮ್ಮಪ್ಪಾ" ಅಂದ. ಒಬ್ಬರೂ ಏಳಲಿಲ್ಲ. ದನಿ ಸಾಲದೆಂದುಕೊಂಡನೋ ಏನೋ, ಗಂಟಲು ಹರಿಯುವಂತೆ ಮತ್ತೆ ಕೂಗಿದ. ನನ್ನ ಹಿಂದೆ ಯಾರೋ ಕಿಸಕ್ಕೆಂದರು. ಮಾಲೀಕ ನನ್ನ ಪಕ್ಕೆಗೆ ಒದ್ದ. "ಏಳೋ ಸೂಳೇಮಗನೇ." ನೋವಾಯಿತು, ಸುಳ್ಳೇಕೆ. ಆದರೆ ಮಂಡಿ ಎತ್ತಲಿಲ್ಲ. ಬೊಂಬುಗಳನ್ನು ಬಿಚ್ಚಿಟ್ಟು ಎಲ್ಲರೂ ಕಲ್ಲಿನ ಸುತ್ತ ಕೂತೆವು. ಅತ್ತೆ ಕಲ್ಲಿನ ಮೇಲೆ ಹತ್ತಿ ಕೂತಳು.

ಮಾಲೀಕ ಕ್ರೇನ್ ತರಿಸಿದ. ತುಕ್ಕು ಹಿಡಿದ ಹಳೇ ಕ್ರೇನು.

"ಜನ ಕೂತಿದಾರೆ ಸಾರ್," ಅಂದ ಡ್ರೈವರ್.

"ಎತ್ತು. ತಾವಾಗೇ ಏಳ್ತಾರೆ."

ಮಾಲೀಕನೇ ಬಂದು ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸಿದ. ಎಂಜಿನ್ ಗುಡುಗಿತು. ಹಗ್ಗ ಬಿಗಿಯಿತು. ನಮ್ಮ ಕಡೆಯ ಅಂಚು ಮೆಲ್ಲಗೆ ನೆಲ ಬಿಟ್ಟಿತು. ಅತ್ತೆ ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡಳು. ಅವಳ ತುಟಿ ಮಾತ್ರ ಅಲುಗುತ್ತಿತ್ತು. ಪ್ರಾರ್ಥನೆಯೇ ಇರಬೇಕು, ದನಿ ಇರಲಿಲ್ಲ.

ಅಕ್ಕ ಶೆಡ್ಡಿನಿಂದ ನಡೆದು ಬಂದು ನನ್ನ ಪಕ್ಕ ಕೂತಳು. ಸೀರೆ ಸರಿಮಾಡಿಕೊಂಡು, ಎದ್ದ ಅಂಚಿನ ಅಡಿಗೆ ಎರಡೂ ಕಾಲು ಚಾಚಿದಳು. ನಾನೂ ಚಾಚಿದೆ. ಆಮೇಲೆ ಪಕ್ಕದವನು, ಅವನ ಪಕ್ಕದವನು.

"ನಿಲ್ಸು, ನಿಲ್ಸು" ಎಂದು ಮಾಲೀಕ ಕೈ ಎತ್ತಿದ. ಎತ್ತಿದರೆ ಅತ್ತೆ ಉರುಳುತ್ತಾಳೆ, ಇಳಿಸಿದರೆ ನಮ್ಮ ಕಾಲುಗಳಿಲ್ಲ. ಗುಡಿಯ ಕಡೆಯಿಂದ, ರಸ್ತೆಯಿಂದ ಜನ ಬಂದು ಬೇಲಿಗೆ ಆತು ನಿಂತರು. ಅಷ್ಟು ಜನರೆದುರು ಮಾಲೀಕ ಬಾಯಿ ತೆರೆದ, ಮುಚ್ಚಿದ.

ಡ್ರೈವರ್ ಕಿಟಕಿಯಿಂದ ಕುತ್ತಿಗೆ ಹೊರಹಾಕಿದ. ಅವನ ಮುಖದಿಂದ ಬೆವರು ಇಳಿಯುತ್ತಿತ್ತು.

"ಬೇಗ ಹೇಳಿ ಸಾರ್, ಎತ್ಲಾ, ಇಳಿಸ್ಲಾ? ಹಳೇ ಬ್ರೇಕು, ಹಿಂಗೇ ಜಾಸ್ತಿ ಹೊತ್ತು ನಿಲ್ಲಲ್ಲ."