ಮಾಳಿಂಗನ ಹೆಸರಿನ ತಾಸುಗಳು

ಮಿಲ್ಲಿನ ಆಳು ಸೋಮನಿಂಗನ ಎರಡು ಬೆರಳು ಹೋಗಿ ಹನ್ನೊಂದು ದಿನವಾಗಿತ್ತು. ಶೈಲಶ್ರೀಗೆ ಇನ್ನೂ ಅಳು ಬಂದಿರಲಿಲ್ಲ. ಅದನ್ನೇ ಅವಳು ಡೈರಿಯಲ್ಲಿ ಬರೆದಳು. ‘ಹಸಿವು ಹೊತ್ತಿಗೆ ಸರಿಯಾಗಿ ಆಗುತ್ತದೆ. ಇವತ್ತೂ ಎರಡು ರೊಟ್ಟಿ ತಿಂದೆ, ಶೇಂಗಾ ಹಿಂಡಿ ಕೇಳಿ ಹಾಕಿಸಿಕೊಂಡೆ. ನನ್ನೊಳಗೆ ಏನೋ ಕೆಟ್ಟಿರಬೇಕು. ಇದನ್ನು ಯಾರ ಮುಂದೆ ಹೇಳುವುದು?’ ಪೆನ್ನಿನ ಮುಚ್ಚಳ ಹಾಕಿ, ಡೈರಿಯನ್ನು ಬ್ಯಾಗಿನ ತಳಕ್ಕೆ ತಳ್ಳಿ, ಮೋರಟಗಿಯಿಂದ ಸಿಂದಗಿಗೆ ಹೋಗುವ ಎಂಟರ ಬಸ್ಸು ಹಿಡಿದಳು. ಕಂಡಕ್ಟರ್ ಎಲ್ಲಿಗೆ ಅಂತ ಕೇಳಲಿಲ್ಲ. ಇವಳ ಮೆಲುದನಿ ಕೇಳಿಸುವುದಿಲ್ಲ ಅಂತ ಗೊತ್ತಿದ್ದ ಅವನು ತಾನೇ ಟಿಕೆಟು ಹರಿದು ಕೊಡುತ್ತಿದ್ದ.

ಇಂಡಿ ರಸ್ತೆಯಲ್ಲಿದ್ದ ಬಸಂತರಾಯರ ಬೇಳೆ ಮಿಲ್ಲಿನಲ್ಲಿ ಅವಳದು ಹಾಜರಿ ಪುಸ್ತಕ ಮತ್ತು ಪಗಾರ ಪಟ್ಟಿ ಬರೆಯುವ ಕೆಲಸ. ಬಿ.ಕಾಂ ಮುಗಿದ ಮೇಲೆ ಸಿಕ್ಕ ಮೊದಲ ನೌಕರಿ, ಈಗ ಎರಡನೇ ವರ್ಷ. ತೊಗರಿ ಬರುವ ನಾಲ್ಕು ತಿಂಗಳು ಅಲ್ಲಿ ಯಂತ್ರ ನಿಲ್ಲುವುದಿಲ್ಲ, ನಡೆಸುವವರು ಮಾತ್ರ ಕಡಿಮೆ. ಬೆಳಗಿನ ಆರಕ್ಕೆ ಬಂದವನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು. ಮುಂದಿನ ಪಾಳಿಗೆ ಆಳಿಲ್ಲದಿದ್ದರೆ ಅವನೇ ರಾತ್ರಿ ಹತ್ತರವರೆಗೆ ನಿಲ್ಲುತ್ತಿದ್ದ.

ಸೇರಿದ ಮೊದಲ ತಿಂಗಳು ಅವಳು ಕಾಲೇಜಿನಲ್ಲಿ ಕಲಿತಂತೆ ಲೆಕ್ಕ ಹಾಕಿದ್ದಳು. ಮೂಲ ಪಗಾರಕ್ಕೆ ತುಟ್ಟಿಭತ್ಯೆ ಕೂಡಿಸಿ ದಿನಕ್ಕೆ ಆರುನೂರು. ಎಂಟರಿಂದ ಭಾಗಿಸಿದರೆ ತಾಸಿಗೆ ಎಪ್ಪತ್ತೈದು. ವಾರಕ್ಕೆ ನಲವತ್ತೆಂಟು ತಾಸು ಮೀರಿದ ಮೇಲೆ ಪ್ರತಿ ತಾಸಿಗೆ ಎರಡು ಪಟ್ಟು, ನೂರೈವತ್ತು. ಎಂಟು ತಾಸಿಗೆ ಸಾವಿರದ ಇನ್ನೂರು.

ಬಸಂತರಾಯರು ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದರು. “ತಂಗಿ, ಇದೇನಿದು, ಸೋಮನಿಂಗಗ ಒಂದ ದಿನಕ್ಕ ಸಾವಿರದ ಎಂಟನೂರ?”

“ಓವರ್‌ಟೈಮಿಗೆ ಎರಡು ಪಟ್ಟು ಅಂತ ಕಾನೂನ ಐತ್ರಿ,” ಅಂದಿದ್ದಳು, ಟೇಬಲ್ಲಿಗೆ ಮಾತ್ರ ಕೇಳುವ ಹಾಗೆ.

“ಅದನ್ನ ಪರೀಕ್ಷಾದಾಗ ಬರೀಬೇಕವಾ. ನೀ ಪಾಸಾಗೀದಿ, ಮುಗೀತು.”

ಆಮೇಲೆ ಅವರೇ ಆ ಮಿಲ್ಲಿನ ಪದ್ಧತಿ ಕಲಿಸಿಕೊಟ್ಟರು. ಅದಕ್ಕೆ ಜೋಡಿ ಹಾಜರಿ ಅನ್ನುತ್ತಿದ್ದರು. ಪ್ರತಿ ಆಳೂ ಮನೆಯವರ ಯಾರದಾದರೂ ಒಂದು ಆಧಾರ್ ಕಾರ್ಡು ತಂದುಕೊಡಬೇಕು. ಮೊದಲ ಪಾಳಿ ತನ್ನ ಹೆಸರಿನಲ್ಲಿ, ಎರಡನೆಯದು ಆ ಹೆಸರಿನಲ್ಲಿ. ಕಾಗದದ ಮೇಲೆ ಇಬ್ಬರು ಎಂಟೆಂಟು ತಾಸು ದುಡಿದಂತಾಯಿತು. ಓವರ್‌ಟೈಮು ಹುಟ್ಟುವುದೇ ಇಲ್ಲ. ಎರಡನೇ ಪಾಳಿಗೂ ಆರುನೂರೇ. ಆಳುಗಳಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಸೋಮನಿಂಗನ ಹೆಂಡತಿ ರೇಣುಕಾ, ಮೈದುನ ಮಾಳಿಂಗನ ಕಾರ್ಡನ್ನು ಅಗರಖೇಡದಿಂದ ತಾನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಟ್ಟಿದ್ದಳು. ಮಾಳಿಂಗ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು, ಮಿಲ್ಲಿನ ಗೇಟನ್ನೂ ಕಂಡವನಲ್ಲ.

ಎರಡು ಹೊಡೆದ ಕೂಡಲೇ ಸೋಮನಿಂಗ ಆಫೀಸಿನ ಕಿಟಕಿಗೆ ಬಂದು ನಿಲ್ಲುತ್ತಿದ್ದ. “ಸೋಮನಿಂಗ ಮನಿಗಿ ಹೋದ್ನರಿ ಅಕ್ಕಾರ. ಮಾಳಿಂಗ ಬಂದಾನ, ಬರ್ಕೋರಿ.” ತನ್ನ ಹೆಸರಿಗೆ ಬಲಗೈಯಿಂದ ಸಹಿ, ತಮ್ಮನ ಹೆಸರಿಗೆ ಎಡಗೈ ಹೆಬ್ಬೆಟ್ಟು.

ಕಾಳು ಆರಿಸುವ ಸಾತವ್ವ ಒಳಗಿನಿಂದಲೇ ಕೂಗುತ್ತಿದ್ದಳು. “ತಂಗಡಗಿ ಹೊಳಿ ದಂಡಿಗಿ ಕುರಿ ಕಾಯ್ಕೋತ ಇಲ್ಲಿ ಮಷೀನ ನಡಸ್ತಾನ. ಭಾಳ ಉದ್ದನ ಕೈ ನೋಡ ನಿನ್ನ ತಮ್ಮಂದು.”

ಶೈಲಶ್ರೀ ನಗುತ್ತಿದ್ದಳು, ಬರೆಯುತ್ತಿದ್ದಳು. ಶನಿವಾರ ಮನೆಗೆ ಹೋಗಿ ಡೈರಿಯ ಕೊನೆಯ ಹಾಳೆಗಳಲ್ಲಿ ನಿಜವಾದ ತಾಸುಗಳನ್ನೂ ಬರೆದಿಡುತ್ತಿದ್ದಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ಈ ಸುಗ್ಗಿಯಲ್ಲಿ ಸೋಮನಿಂಗ ನಿಂತ ಎರಡನೇ ಪಾಳಿಗಳು ಮೂವತ್ತೊಂದು.

ಮೂವತ್ತೊಂದನೆಯದರ ಸಂಜೆ ಏಳಕ್ಕೆ ಯಂತ್ರದ ಪಟ್ಟಾ ಅವನ ಬಲಗೈಯನ್ನು ಎಳೆದುಕೊಂಡಿತು. ಅದು ಅವನ ಹದಿಮೂರನೇ ತಾಸು. ಆಗ ಶೈಲಶ್ರೀ ಮನೆಯಲ್ಲಿದ್ದಳು. ಮರುದಿನ ಬಂದಾಗ ನೆಲ ತೊಳೆದಾಗಿತ್ತು. ಹಾಜರಿ ಪುಸ್ತಕ ತೆರೆದು ಇವತ್ತು ಏನು ಬರೆಯಲಿ ಅಂತ ಕೇಳಿದಳು. “ಸೋಮನಿಂಗ ಗೈರ. ಮಾಳಿಂಗಗ ರಜಾ ಬರಿ,” ಅಂದರು ಬಸಂತರಾಯರು. ಬರೆದಳು. ಮುಂದಿನ ಹೆಸರಿಗೆ ಹೋದಳು.

ಹನ್ನೊಂದನೇ ದಿನದ ಈ ಬೆಳಿಗ್ಗೆ ಅವಳು ಬ್ಯಾಗು ಇಡುವುದರೊಳಗೆ ಬಸಂತರಾಯರು ಹೇಳಿದರು. “ಕಾರ್ಮಿಕ ಇಲಾಖೆ ಮೇಡಂ ಬರ್ತಾರ. ನಾ ಮಾತಾಡ್ತೇನಿ. ನಿನಗೇನ ಬಾಯಿ ಮುಚ್ಕೊ ಅಂತ ಹೇಳೂದು ಬ್ಯಾಡ, ದೇವರು ಮೊದಲ ಮುಚ್ಚಿ ಕಳಿಸ್ಯಾನ.”

ಹೊರಗೆ ತೂಕದ ಕಾಟಾದ ಪಕ್ಕ ರೇಣುಕಾ ಕೂತಿದ್ದಳು. ನೀರು ಕುಡಿಯುವ ನೆಪದಲ್ಲಿ ಶೈಲಶ್ರೀ ಹೋದಾಗ ಅವಳು ಏಳಲಿಲ್ಲ, ಬೈಯಲೂ ಇಲ್ಲ.

“ಪರಿಹಾರ ಕೇಳಾಕ ಕಾರ್ಮಿಕ ಆಫೀಸಿಗಿ ಹೋಗಿದ್ದೆರಿ ಅಕ್ಕಾರ. ಆ ಹೊತ್ತಿನ್ಯಾಗ ನಿನ್ನ ಗಂಡ ಕೆಲಸದಾಗ ಇರ್ಲಿಲ್ಲ ಅಂತ ಕಾಗದ ಹೇಳ್ತೈತಿ ಅಂದ್ರು. ಮೇಡಂ ಇವತ್ತೂ ಹಂಗ ಬರಕೊಂಡು ಹೋದ್ರ ಒಂದು ರೂಪಾಯಿನೂ ಬರೂದಿಲ್ಲಂತ.” ಕಾಟಾದ ಮುಳ್ಳಿನ ಕಡೆ ನೋಡಿದಳು. “ಕಾರ್ಡ ನಾನ ತಂದ ಕೊಟ್ಟಿದ್ದೆ. ಯಾರಿಗಿ ಬೈಲಿ ಹೇಳ್ರಿ.”

“ಕೈ ಹೆಂಗೈತಿ?” ಶೈಲಶ್ರೀ ಕೇಳಿದಳು.

“ರೊಟ್ಟಿ ಮುರಿಯಾಕ ಬರೂದಿಲ್ಲ. ನಾ ಮುರದ ಕೊಡ್ತೇನಿ. ಸಿಟ್ಟಿಗೇಳ್ತಾನ.”

ಶೈಲಶ್ರೀ ನೀರು ಕುಡಿದು ಲೋಟ ತೊಳೆದಿಟ್ಟು ಒಳಗೆ ಬಂದಳು. ಎದೆಯಲ್ಲಿ ಏನಾದರೂ ಆಗುತ್ತದೇನೋ ಅಂತ ಕಾದಳು. ಏನೂ ಆಗಲಿಲ್ಲ.

ಮೇಡಂ ಹನ್ನೆರಡಕ್ಕೆ ಬಂದರು. ದಣಿದ ಮುಖದ ಹೆಂಗಸು. ಚಹಾ ಬೇಡವೆಂದು ಹಾಜರಿ ಪುಸ್ತಕ ಕೇಳಿದರು, ಆ ದಿನದ ಹಾಳೆಯ ಮೇಲೆ ಬೆರಳಿಟ್ಟರು.

“ಸೋಮನಿಂಗ ಆರರಿಂದ ಎರಡು. ಮಾಳಿಂಗ ಎರಡರಿಂದ ಹತ್ತು. ಅಪಘಾತ ಏಳಕ್ಕ. ಹಂಗಾರ ಕೈ ಮಾಳಿಂಗಂದು ಹೋಗಬೇಕಿತ್ತಲ್ರಿ ಸಾವಕಾರ್ರ?”

“ಅಣ್ಣ ತಮ್ಮಗ ಬುತ್ತಿ ಕೊಡಾಕ ಬಂದಿದ್ನರಿ. ಮಾತಾಡ್ಕೋತ ಕೈ ಹಾಕ್ಯಾನ. ದವಾಖಾನಿ ಖರ್ಚು ನಾನ ಕೊಟ್ಟೇನ್ರಿ, ಮನುಷ್ಯಾ ಅಂದ ಮ್ಯಾಲ.”

“ಮಾಳಿಂಗನ್ನ ಕರಸ್ರಿ.”

“ಹೆದರ್ಯಾನ್ರಿ. ಊರಿಗಿ ಹೋಗ್ಯಾನ.”

ಮೇಡಂ ಓವರ್‌ಟೈಮಿನ ಪುಸ್ತಕ ತಿರುವಿದರು. ಮೊದಲ ಹಾಳೆಯಿಂದ ಕೊನೆಯವರೆಗೆ ಬಿಳಿ. “ಸುಗ್ಗ್ಯಾಗೂ ಒಂದ ತಾಸು ಹೆಚ್ಚಿಗಿ ಯಾರೂ ದುಡಿದಿಲ್ಲ?”

“ನಮ್ಮಲ್ಲಿ ಆಳಿಗಿ ತ್ರಾಸ ಕೊಡೂ ಪದ್ಧತಿ ಇಲ್ರಿ.”

ಮೇಡಂ ಬಾಗಿಲಾಚೆಗಿದ್ದ ರೇಣುಕಾಳ ಕಡೆ ನೋಡಿ ಉಸಿರು ಬಿಟ್ಟರು. “ನೀವು ಬಾಯಿಂದ ಹೇಳ್ತೀರಿ, ಇವರು ಪುಸ್ತಕ ತೋರಸ್ತಾರ. ನಾ ಪುಸ್ತಕದಾಗ ಇದ್ದದ್ದನ್ನ ಬರೀಬೇಕಾಗ್ತೈತಿ.” ಬರೆದರು. ನಾಲ್ಕೇ ಸಾಲು. ಹಾಳೆಯನ್ನು ಶೈಲಶ್ರೀ ಕಡೆ ತಿರುಗಿಸಿದರು. “ಹಾಜರಿ ಬರಿಯಾಕಿ ನೀನೇನವಾ? ಎಲ್ಲಾ ಖರೇ ಐತಿ ಅಂತ ಸಹಿ ಮಾಡು.”

ಅವಳು ಪೆನ್ನು ತೆಗೆದುಕೊಂಡಳು. ಸಹಿ ಮಾಡುವುದು ಸುಲಭವಿತ್ತು. ಸೇರಿದಾಗಿನಿಂದ ಮಾಡಿದ್ದೇ ಅದು. ಹೇಳಿದರೆ ಸುಳ್ಳು ಬರೆದವಳು ತಾನೇ ಆಗುತ್ತಾಳೆ, ನೌಕರಿಯೂ ಇವತ್ತಿಗೇ ಮುಗಿಯುತ್ತದೆ. ಇದನ್ನೆಲ್ಲ ಅವಳು ಬೇರೆ ಯಾರದೋ ಪಗಾರ ಪಟ್ಟಿ ಓದಿದಂತೆ ಓದಿಕೊಂಡಳು. ಮಾಳಿಂಗನ ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಅದರ ಸುತ್ತ ತೊಗರಿ ಧೂಳಿನ ಹಳದಿ ಇನ್ನೂ ಅಂಟಿತ್ತು.

ಅವಳು ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಬ್ಯಾಗಿನ ತಳಕ್ಕೆ ಕೈ ಹಾಕಿ ಡೈರಿ ತೆಗೆದಳು.

“ತಂಗಿ,” ಅಂದರು ಬಸಂತರಾಯರು.

“ಮಾಳಿಂಗ ಒಂದ ದಿನಾನೂ ಇಲ್ಲಿಗಿ ಬಂದಿಲ್ರಿ,” ಅಂದಳು ಶೈಲಶ್ರೀ. ಕಾಟಾದ ಹತ್ತಿರ ಕೂತಿದ್ದ ರೇಣುಕಾ ತಲೆ ಎತ್ತಿ ನೋಡುವಷ್ಟು ದನಿ ಅದಕ್ಕಿತ್ತು. “ಅವನ ಹೆಸರಿನಾಗ ನಾ ಬರದ ತಾಸು ಎಲ್ಲಾ ಸೋಮನಿಂಗಂದರಿ.”