ಸತ್ತ ವೈದ್ಯನ ತಪ್ಪೊಪ್ಪಿಗೆ

ಕೊನೆಯ ಅಧ್ಯಾಯದ ವಿಷಯ ಲೇಖಕರ ಮಗಳಿಗೆ ಹೇಳಿಬಿಡಬೇಕೆ, ಬೇಡವೆ? ಇವತ್ತು ಬಾಯಿ ಬಿಡದಿದ್ದರೆ ಇನ್ನೆಂದೂ ಆಗದು ಎಂದುಕೊಳ್ಳುತ್ತಲೇ ಕರಡು ತಿದ್ದುವವನು ಹಜಾರದ ಮೇಜನ್ನು ಗೋಡೆಗೆ ಸರಿಸಿದ. ಶವ ಹೊರಗೆ ಸಾಗಿಸಲು ದಾರಿ ಬೇಕಿತ್ತು. ಮೇಜಿನ ತುಂಬ ತೀರಿಕೊಂಡ ಲೇಖಕರ ಪತ್ತೇದಾರಿ ಕಾದಂಬರಿಗಳು: ಪ್ರಾಚೀನ ಈಜಿಪ್ಟಿನ ಕೊಲೆಗಳು, ಗೋರಿಗಳ್ಳರು, ಎಲ್ಲವನ್ನೂ ಬಯಲಿಗೆಳೆಯುವ ಒಬ್ಬ ಕುಂಟ ಲಿಪಿಕಾರ. ಇಪ್ಪತ್ತೆರಡು ಪುಸ್ತಕಗಳ ಕರಡನ್ನೂ ತಿದ್ದಿದವನು ಇವನೇ.

"ಪ್ರೆಸ್ಸಲ್ಲಿ ಅವ್ರನ್ನ ಫೇರೋ ಅಂತಿದ್ವಿ," ಎಂದ ಮುದ್ರಣಾಲಯದ ಯಜಮಾನ. "ಈಜಿಪ್ಟ್ ಹಾಗಿರ್ಲಿ, ಪಕ್ಕದೂರಿನ ಬಸ್ ಹತ್ತಿದ್ರೂ ವಾಂತಿ ಮಾಡ್ಕೊಳ್ಳೋರು!"

"ಆದ್ರೂ ನೈಲ್ ನದಿ ಕೆಸರಿನ ವಾಸನೆ ನಮ್ಮ ಮೂಗಿಗೇ ಬಡಿಯೋ ಹಾಗೆ ಬರೀತಿದ್ರಲ್ಲ," ಎಂದರು ಪಕ್ಕದ ಮನೆಯಾಕೆ. ಅಳುತ್ತಿದ್ದವರೂ ನಕ್ಕರು.

ಮಗಳು ನಗಲಿಲ್ಲ. ಒಂದು ಕಟ್ಟು ಹಾಳೆ ತಂದು ಇವನ ಮಗ್ಗುಲಲ್ಲಿ ಕುಳಿತಳು.

"ಮಾವ, ಕೊನೇ ಪುಸ್ತಕದ ಕರಡು. ಅಪ್ಪನ ಬೀರುವಲ್ಲಿತ್ತು. ಇಲ್ನೋಡಿ."

ಕೊನೆಯ ಅಧ್ಯಾಯದ ಅಂಚಿನಲ್ಲಿ ಲೇಖಕರದೇ ಪೆನ್ಸಿಲಿನ ಅಕ್ಷರ: 'ಇದು ನಾನು ಬರೆದದ್ದಲ್ಲ. ಚೆನ್ನಾಗಿದೆ. ಹೀಗೇ ಇರಲಿ.'

*

ಎರಡು ವರ್ಷದ ಹಿಂದಿನ ಮಾತು. ಲೇಖಕರು ಕಳಿಸಿದ ಆ ಕೊನೆಯ ಪುಸ್ತಕದಲ್ಲಿ, ಐದನೆಯ ಅಧ್ಯಾಯದಲ್ಲಿ ವಿಷ ಕುಡಿದು ಸತ್ತು, ಮೈತುಂಬ ಬಟ್ಟೆ ಸುತ್ತಿಸಿಕೊಂಡು ಗೋರಿ ಸೇರಿದ್ದ ವೈದ್ಯ, ಕೊನೆಯ ಅಧ್ಯಾಯದಲ್ಲಿ ನಡೆದು ಬಂದು ಕೊಲೆ ಒಪ್ಪಿಕೊಂಡಿದ್ದ. ಲೇಖಕರು ಹೆಸರು ತಪ್ಪಾಗಿ ಬರೆಯುವುದಿತ್ತು, ದಿನ ತಪ್ಪಾಗಿ ಬರೆಯುವುದಿತ್ತು, ಸತ್ತವನನ್ನು ಎಬ್ಬಿಸಿದ್ದಿಲ್ಲ. ಕೇಳಲು ಇವನಿಗೆ ನಾಲಿಗೆ ಬರಲಿಲ್ಲ. ಮೂರು ದಿನ ಕೂತು ಆ ಅಧ್ಯಾಯವನ್ನೇ ಹೊಸದಾಗಿ ಬರೆದ. ವೈದ್ಯನ ಹೆಂಡತಿಯಿಂದ ತಪ್ಪೊಪ್ಪಿಸಿದ. ಕರಡು ಕಳಿಸಿದ ಮೇಲೆ ಅವರು ಫೋನಿನಲ್ಲಿ "ಅಚ್ಚಿಗೆ ಹಾಕು" ಎಂದಿದ್ದರು, ಅಷ್ಟೆ. ಅವರಿಗೆ ಗೊತ್ತಾಗಿಲ್ಲವೆಂದೇ ಇವನು ನಂಬಿಕೊಂಡಿದ್ದ.

*

"ಎಲ್ಲರೂ ಹೊಗಳಿದ್ದು ಈ ಅಧ್ಯಾಯಾನೇ," ಎಂದಳು ಮಗಳು. "ತಾನೇ ಬರೆದದ್ದು ಅಪ್ಪನಿಗೆ ಗುರುತೇ ಸಿಗ್ಲಿಲ್ವಾ? ಆಗ್ಲೇ ಅಷ್ಟು ಮರೆವಿತ್ತಾ? ಈ ಕರಡು ನೋಡ್ತಿದ್ದ ವಾರಾನೇ ನನ್ನ ಕೈ ಹಿಡ್ಕೊಂಡು, ನಿನ್ನ ಮದುವೆಗೆ ಬರದೇ ಇದ್ದದ್ದು ನನ್ನ ತಪ್ಪು ಮಗಳೇ, ಅಂದ್ರು. ಅದೂ ಮರೆವಿನಲ್ಲಿ ಅಂದಿದ್ದಾ, ಮಾವ?"

ಅವನು ಶವದ ಮುಖ ನೋಡಿದ. ಅದನ್ನು ಬರೆದವನು ತಾನೆಂದು ಅವಳಿಗೆ ಹೇಳಿದರೆ, ಹೊರಡುವ ಹೊತ್ತಿನಲ್ಲಿ ಅವರ ಕೈಯಿಂದ ಆ ಅಧ್ಯಾಯವನ್ನು ಕಿತ್ತುಕೊಂಡಂತೆ.

"ಗಾಡಿ ಬಂತು," ಎಂದ ಯಜಮಾನ.

"ಮರೆವಿತ್ತಮ್ಮ," ಎಂದ ಅವನು.

ಅವಳು ಹಾಳೆಗಳನ್ನು ಮಡಚಿಟ್ಟು ಎದ್ದಳು. ಆ ಸಾಲು ಬರೆದ ದಿನ ಅವಳ ಅಪ್ಪನ ಬುದ್ಧಿ ನೆಟ್ಟಗಿತ್ತು, ಮದುವೆಯ ಮಾತೂ ಮರೆವಿನದಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.